ಶಾಲೆಯ ಪೆಟ್ಟು ಮತ್ತು ಮಗುವಿನ ಫಿರ್ಯಾದಿ

2022ನೆಯ ಇಸವಿಯ ಡಿಸೆಂಬರ ತಿಂಗಳ ಮಧ್ಯದಲ್ಲಿ ಮಂಡ್ಯ ಜಿಲ್ಲೆಯ ಕಟ್ಟೇರಿ ಗ್ರಾಮದ ಬಾಲಿಕೆಯರ ವಿದ್ಯಾರ್ಥಿನಿಲಯದಲ್ಲಿ ನಡೆದ ಸಂಗತಿಯು ನಮ್ಮ ವಾಚಕರಲ್ಲಿ ಹಲವರ ಸ್ಮರಣೆಯಲ್ಲಿ ಇನ್ನೂ ಇರಬಹುದು. ತಮ್ಮೊಡನೆ ಅಸಭ್ಯವಾಗಿ ವರ್ತಿಸಿದನೆಂದು ಅಲ್ಲಿಯ ವಿದ್ಯಾರ್ಥಿನಿಯರು ಒಟ್ಟುಗೂಡಿ, ಕೈಗೆ ಸಿಕ್ಕಿದ ಕೋಲು ಕಸಬರಿಗೆಗಳಿಂದ ಮುಖ್ಯಾಧ್ಯಾಪಕನನ್ನು ಥಳಿಸಿದರು. ಆ ದೃಶ್ಯವು ಮೊಬೈಲುಗಳ ಮೂಲಕ ನಾಡನ್ನೆಲ್ಲ ಸುತ್ತಿತು. ನೋಡಿದ ಜನರು ಭೇಷ್ ಎಂದರು, ಕೆಲವರು ನಕ್ಕರು, ಮರುದಿನ ಮರೆತರು. ಆ ಮಕ್ಕಳ ಧೈರ್ಯವನ್ನು ನಾವೂ ಅಲ್ಲಗಳೆಯುವದಿಲ್ಲ. ಆದರೆ ನಗಲು ಮಾತ್ರ ನಮ್ಮಿಂದ ಆಗಲಿಲ್ಲ. ಓದಲೆಂದು ಮನೆಬಿಟ್ಟು ಬಂದ ಹೆಣ್ಣುಮಕ್ಕಳು ಕೋಲು ಹಿಡಿಯುವ ಪ್ರಸಂಗ ಏತಕ್ಕೆ ಬಂದಿತು? ಎದುರಾಡಿದರೆ ಶಾಲೆ ಬಿಡುವಾಗಿನ ವರ್ಗಾವಣೆ ಪತ್ರದಲ್ಲಿ ನಡತೆ ಕೆಟ್ಟದ್ದೆಂದು ಬರೆಯುವ ಬೆದರಿಕೆ ಇತ್ತೆಂದು ಆ ಮಕ್ಕಳು ಹೇಳಿದುದಾಗಿ ಆಗ ವರದಿಯಾಗಿತ್ತು. ಫಿರ್ಯಾದಿಯ ಬಾಗಿಲಿನ ಕೀಲಿಕೈ ಯಾವನ ಮೇಲೆ ಫಿರ್ಯಾದಿಯೋ ಅವನ ಸೊಂಟದಲ್ಲಿಯೇ ಇದ್ದರೆ ಮಕ್ಕಳು ಏನು ಮಾಡಬೇಕು?

ಅದೇ ತಿಂಗಳ 19ನೆಯ ತಾರೀಖಿಗೆ ಗದಗ ಜಿಲ್ಲೆ ನರಗುಂದ ತಾಲೂಕಿನ ಹದ್ಲಿಯ ಶಾಲೆಯಲ್ಲಿ ಹತ್ತು ವರ್ಷದ, ನಾಲ್ಕನೆಯ ಇಯತ್ತೆಯ ಬಾಲಕನೊಬ್ಬನು ಅತಿಥಿ ಶಿಕ್ಷಕನೊಬ್ಬನ ಹಲ್ಲೆಗೆ ಸಿಕ್ಕಿ, ಮೇಲಂತಸ್ತಿನಿಂದ ಕೆಳಗೆ ಬಿದ್ದು ಪ್ರಾಣಬಿಟ್ಟನೆಂಬ ಸುದ್ದಿ ಬಂದಿತು. ಅದೇ ಶಾಲೆಯಲ್ಲಿ ಕಲಿಸುತ್ತಿದ್ದ ಆತನ ತಾಯಿಯೂ ಗಾಯಗೊಂಡಳು. ಅದನ್ನು ಶಿಕ್ಷೆಯೆಂದು ಯಾರೂ ಕರೆಯಲಾರರು. ಅದು ಘೋರ ಅಪರಾಧದ ಆರೋಪ. ಮರುವರ್ಷ, 2023ರ ಡಿಸೆಂಬರದಲ್ಲಿ, ಕೋಲಾರ ಜಿಲ್ಲೆಯ ಮಾಲೂರು ತಾಲೂಕಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯೊಂದರಲ್ಲಿ ವಿದ್ಯಾರ್ಥಿಗಳನ್ನು ಮಲದ ಗುಂಡಿಗೆ ಇಳಿಸಿ ಸ್ವಚ್ಛಮಾಡಿಸಿದುದೂ, ಬೆನ್ನಿಗೆ ಚೀಲ ಹೊರಿಸಿ ಮೊಣಕಾಲ ಮೇಲೆ ನಿಲ್ಲಿಸಿದುದೂ ಬೈಲಿಗೆ ಬಿದ್ದವು. ಅಮಾನತು ಆಯಿತು, ಬಂಧನವೂ ಆಯಿತು. ಆದರೆ ಅದು ಹೊರಬಿದ್ದುದು ಮಕ್ಕಳು ಕೊಟ್ಟ ಒಂದು ಅರ್ಜಿಯಿಂದಲ್ಲ, ಕೈಯಂತ್ರದಲ್ಲಿ ತೆಗೆದ ಚಿತ್ರದಿಂದ ಎಂಬುದನ್ನು ಅಧಿಕಾರಿವರ್ಗವು ಮರೆಯಲಾಗದು. ಚಿತ್ರ ತೆಗೆಯುವವರು ಇಲ್ಲದ ಶಾಲೆಗಳ ಗತಿ ಏನು?

ಶಾಲೆಗಳಲ್ಲಿ ಹೊಡೆತವಿದೆಯೆಂಬುದು ಹೊಸ ಮಾತಲ್ಲ. ಪೆಟ್ಟು ತಿಂದ ಮಗುವು ಅದನ್ನು ಯಾರ ಮುಂದೆ, ಯಾವ ರೀತಿಯಿಂದ, ಯಾವ ಭರವಸೆಯ ಮೇಲೆ ಹೇಳಬೇಕೆಂಬುದಕ್ಕೆ ನಮ್ಮಲ್ಲಿ ಇನ್ನೂ ನಡೆದಾಡುವಂಥ ದಾರಿ ಆಗಿಲ್ಲವೆಂಬುದೇ ಇಂದು ನಾವು ಎತ್ತಬೇಕೆಂದಿರುವ ವಿಷಯ. ಕಾಯದೆಯು ಪುಸ್ತಕದಲ್ಲಿ ಇದೆ. ಮಗುವು ತರಗತಿಯಲ್ಲಿ ಇದೆ. ಇವೆರಡರ ನಡುವಿನ ಹೊಳೆಗೆ ಸಂಕ ಹಾಕುವವರು ಯಾರು?

ಮೊದಲು ಕಾಯದೆಯ ಮಾತು. ಎಳೆಯರಿಗೆ ಎರಡು ಏಟು ಕೊಡುವದಕ್ಕೆ ಅಡ್ಡಿಯಿಲ್ಲವೆಂದು ಇಂದಿಗೂ ಎಷ್ಟೋ ಜನ ಸುಶಿಕ್ಷಿತರೂ, ಕೆಲವರು ಶಿಕ್ಷಕರೂ ನಂಬಿದ್ದಾರೆ. ಇದು ಶುದ್ಧ ತಪ್ಪು ತಿಳಿವಳಿಕೆ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯೇ ದೈಹಿಕ ಶಿಕ್ಷೆಯನ್ನು ಶಿಕ್ಷಣದಿಂದ ಹೊರಗಿಡಬೇಕೆಂದು ಸಾರಿತು. 1992ರಲ್ಲಿ ಭಾರತವು ಮಕ್ಕಳ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯನ್ನು ಒಪ್ಪಿಕೊಂಡಿತು. 2000ದ ಡಿಸೆಂಬರ 1ರಂದು ದಿಲ್ಲಿಯ ಉಚ್ಚ ನ್ಯಾಯಾಲಯವು ಬೆತ್ತಕ್ಕೆ ಅವಕಾಶ ಕೊಟ್ಟಿದ್ದ ಅಲ್ಲಿಯ ಶಾಲಾ ನಿಯಮವನ್ನು ರದ್ದು ಮಾಡಿತು. ಕೊನೆಗೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯದೆಯ 17ನೆಯ ಕಲಮು, ಯಾವ ಮಗುವಿಗೂ ದೈಹಿಕ ಶಿಕ್ಷೆಯನ್ನಾಗಲಿ ಮಾನಸಿಕ ಹಿಂಸೆಯನ್ನಾಗಲಿ ಕೊಡಲಾಗದೆಂದೂ, ಕೊಟ್ಟವರು ಶಿಸ್ತಿನ ಕ್ರಮಕ್ಕೆ ಗುರಿಯಾಗತಕ್ಕವರೆಂದೂ ಸ್ಪಷ್ಟವಾಗಿ ವಿಧಿಸಿತು. ಆ ಕಾಯದೆಯು ಆರರಿಂದ ಹದಿನಾಲ್ಕು ವರ್ಷದವರಿಗೆ ಅನ್ವಯಿಸುವದು. ಆದರೆ ಹದಿನೆಂಟರ ಒಳಗಿನ ಎಲ್ಲರಿಗೂ 2015ರ ಬಾಲನ್ಯಾಯ ಕಾಯದೆಯಿದೆ. ಮಗುವಿನ ಹೊಣೆ ಹೊತ್ತವನು ಅದರ ಮೇಲೆ ಹಲ್ಲೆ ಮಾಡಿ ಅನಗತ್ಯವಾಗಿ ದೇಹಕ್ಕೋ ಮನಸ್ಸಿಗೋ ಯಾತನೆಯುಂಟುಮಾಡಿದರೆ ಮೂರು ವರ್ಷಗಳ ವರೆಗೆ ಸೆರೆವಾಸವೆಂದು ಅದರ 75ನೆಯ ಕಲಮು ಹೇಳುತ್ತದೆ.

ಇಷ್ಟಾದರೂ "ದಂಡಂ ದಶಗುಣಂ" ಎಂಬ ಮಾತು ನಮ್ಮ ನಾಲಗೆಯಿಂದ ಇಳಿದಿಲ್ಲ. ಪೆಟ್ಟಿಲ್ಲದೆ ವಿದ್ಯೆ ಹತ್ತದು, ಇದು ನಮ್ಮ ಪೂರ್ವಜರ ಪದ್ಧತಿ ಎಂದು ಅಭಿಮಾನದಿಂದ ಹೇಳುವವರಿದ್ದಾರೆ. ಸ್ವದೇಶದ ಸಂಪ್ರದಾಯದ ಬಗೆಗೆ ಆದರವುಳ್ಳವರೇ ನಾವೂ ಆಗಿರುವೆವು. ಪಾಠಶಾಲೆಯ ಜಗಲಿಯ ಮೇಲೆ ಕುಳಿತು ಅಕ್ಷರ ಕಲಿತವರು. ಆದ್ದರಿಂದಲೇ ಈ ಮಾತನ್ನು ಸ್ವಲ್ಪ ಪರೀಕ್ಷಿಸೋಣ.

ಕೂಲಿಮಠಗಳಲ್ಲಿ ಹುಡುಗರನ್ನು ಹಗ್ಗದಿಂದ ಜೋತುಬಿಡುವ ಕೋದಂಡವೆಂಬ ಶಿಕ್ಷೆಯಿತ್ತೆಂಬುದು ನಿಜ. ಅದನ್ನು ಮುಚ್ಚಿಡುವದರಲ್ಲಿ ಅರ್ಥವಿಲ್ಲ. ಆದರೆ ಧರ್ಮಶಾಸ್ತ್ರವು ಏನು ಹೇಳುತ್ತದೆ? ಶಿಷ್ಯನನ್ನು ಹೊಡೆಯದೆ ತಿದ್ದಬೇಕೆಂಬುದೇ ಗೌತಮ ಧರ್ಮಸೂತ್ರದ ಮೊದಲನೆಯ ವಿಧಿ. ಅದು ಸಾಧ್ಯವೇ ಆಗದಿದ್ದರೆ ತೆಳುವಾದ ಹಗ್ಗ ಅಥವಾ ಸೀಳಿದ ಬಿದಿರು ಮಾತ್ರ. ಬೇರೆ ಯಾವುದರಿಂದ ಹೊಡೆದರೂ ಆ ಗುರುವನ್ನು ರಾಜನು ದಂಡಿಸಬೇಕು. ಬೆನ್ನಿನ ಮೇಲಲ್ಲದೆ ತಲೆಗೆ ಎಂದೂ ಹೊಡೆಯಕೂಡದೆಂದು ಮನುವೂ ಕಟ್ಟುಮಾಡುತ್ತಾನೆ. ಹೊಡೆದ ಗುರುವಿನ ಮೇಲೆ ರಾಜನಲ್ಲಿ ಫಿರ್ಯಾದಿ ಸಲ್ಲುವದೆಂಬ ತತ್ತ್ವವು ಎರಡು ಸಾವಿರ ವರ್ಷ ಹಳೆಯದೆಂದು ಇದರಿಂದ ತಿಳಿಯುತ್ತದೆ. ಶಾಸ್ತ್ರದ ಹೆಸರಿನಲ್ಲಿ ಬೆತ್ತ ಎತ್ತುವವರು ಶಾಸ್ತ್ರದ ಮುಂದಿನ ಸೂತ್ರವನ್ನು ಓದಿಲ್ಲವೆಂದೇ ಹೇಳಬೇಕಾಗಿದೆ.

ಇನ್ನು, "ಮಿತವಾದ ಶಿಕ್ಷೆ" ಎಂಬ ಮಾತು ಯಾರದು? ಅದು ಇಂಗ್ಲಂಡದ್ದು. 1860ರಲ್ಲಿ ಅಲ್ಲಿಯ ಈಸ್ಟ್‌ಬೋರ್ನ್ ಪಟ್ಟಣದಲ್ಲಿ ಹೋಪ್ಲಿಯೆಂಬ ಶಾಲಾಮಾಸ್ತರನು ವಿದ್ಯಾರ್ಥಿಯೊಬ್ಬನನ್ನು ಹೊಡೆದು ಹೊಡೆದು ಕೊಂದನು. ಆತನಿಗೆ ಶಿಕ್ಷೆಯಾಯಿತು. ಆದರೆ ಮುಖ್ಯ ನ್ಯಾಯಾಧೀಶ ಕಾಕ್‌ಬರ್ನನು ಅದೇ ಖಟ್ಲೆಯಲ್ಲಿ, ಮಿತವಾಗಿ ಹೊಡೆಯುವ ಅಧಿಕಾರವು ತಂದೆಗೂ ಗುರುವಿಗೂ ಇದೆಯೆಂಬ ನ್ಯಾಯವನ್ನೂ ಹೇಳಿದನು. ಅದೇ 1860ನೆಯ ಇಸವಿಯಲ್ಲಿ ನಮ್ಮ ದೇಶಕ್ಕೆ ಭಾರತೀಯ ದಂಡ ಸಂಹಿತೆ ಆಯಿತು. ಆ ಆಂಗ್ಲ ನ್ಯಾಯವು ನಮ್ಮ ಕೋರ್ಟುಗಳಲ್ಲಿಯೂ ಬಹುಕಾಲ ಬಾಳಿತು. ಅದನ್ನು ನಮಗೆ ಕೊಟ್ಟ ಇಂಗ್ಲಂಡವೇ 1987ರಲ್ಲಿ ತನ್ನ ಸರಕಾರಿ ಶಾಲೆಗಳಿಂದ ಬೆತ್ತವನ್ನು ಹೊರಗೆ ಹಾಕಿದೆ. ಕೊಟ್ಟವನೇ ಬಿಸಾಕಿದ ವಸ್ತುವನ್ನು ನಾವು ಪೂರ್ವಜರ ಆಸ್ತಿಯೆಂದು ಎದೆಗೆ ಅಪ್ಪಿಕೊಂಡಿರುವದು ವಿಚಿತ್ರವಲ್ಲವೆ?

ಬೆತ್ತವು ಏನನ್ನು ಕಲಿಸುತ್ತದೆಂಬುದಕ್ಕೆ ನಮ್ಮ ಕಾರವಾರದ ನಂಟುಳ್ಳ ಒಬ್ಬ ಮಹನೀಯರ ಸಾಕ್ಷ್ಯವೇ ಸಾಕು. 1883ರಲ್ಲಿ ರವೀಂದ್ರನಾಥ ಟಾಗೋರರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ತಮ್ಮ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿ ಬಂದು ಇದ್ದರು. ಇಂದು ಅವರ ಹೆಸರನ್ನೇ ಇಟ್ಟಿರುವ ಕಡಲದಂಡೆಯಲ್ಲಿ ನಮ್ಮ ವಾಚಕರು ಸಂಜೆ ತಿರುಗಾಡುವರು. ಪಾಠ ಒಪ್ಪಿಸಲಾರದ ಹುಡುಗನನ್ನು ಬಾಕಿನ ಮೇಲೆ ನಿಲ್ಲಿಸಿ, ಚಾಚಿದ ಕೈಗಳ ಮೇಲೆ ಪಾಟಿಗಳನ್ನು ಹೇರುತ್ತಿದ್ದುದನ್ನು ತಾವು ಮೊದಲನೆಯ ಶಾಲೆಯಲ್ಲಿ ಕಂಡಿದ್ದೆವೆಂದು ಅವರು ತಮ್ಮ ಜೀವನಸ್ಮೃತಿಯಲ್ಲಿ ಬರೆದಿದ್ದಾರೆ. ಆಮೇಲೆ ಮನೆಯ ಮೊಗಸಾಲೆಯ ಕಟಾಂಜನದ ಸರಳುಗಳನ್ನೇ ವಿದ್ಯಾರ್ಥಿಗಳೆಂದು ತಿಳಿದು, ಬೆತ್ತ ಹಿಡಿದು, ಅವುಗಳಿಗೆ ಬಡಿಯುತ್ತ ಆ ಬಾಲಕನು ಮಾಸ್ತರನ ಆಟ ಆಡುತ್ತಿದ್ದನಂತೆ. ಮಾಸ್ತರರ ವಿದ್ಯೆಯು ಹತ್ತುವ ಮುಂಚೆ ಅವರ ಕೋಪವೇ ಹತ್ತಿತು. ಮತ್ತೊಂದು ಶಾಲೆಯಲ್ಲಿ ಕೆಟ್ಟ ನಾಲಗೆಯ ಪಂಡಿತನೊಬ್ಬನಿದ್ದನು. ಆತನ ಒಂದು ಪ್ರಶ್ನೆಗೂ ಉತ್ತರಿಸದೆ ರವೀಂದ್ರರು ವರ್ಷವಿಡೀ ಹಿಂದಿನ ಸಾಲಿನಲ್ಲಿ ಮೌನವಾಗಿ ಕುಳಿತರು. ಆ ಮೌನವು ಒಂದು ಫಿರ್ಯಾದಿಯಾಗಿತ್ತು. ಅದನ್ನು ಓದುವವರು ಆ ಶಾಲೆಯಲ್ಲಿ ಇರಲಿಲ್ಲ. ಪಾಟಿ ಮುಂದಿಟ್ಟುಕೊಂಡು ಮಾತಾಡದೆ ಕೂಡ್ರುವ ಮಕ್ಕಳು ನಮ್ಮ ಎಷ್ಟು ಶಾಲೆಗಳಲ್ಲಿ ಇಂದು ಇಲ್ಲ? ಅವರನ್ನು ದಡ್ಡರೆಂದು ನಾವು ಪಟ್ಟಿಗೆ ಸೇರಿಸುತ್ತೇವೆ.

ಮಹಾತ್ಮಾ ಗಾಂಧಿಯವರೂ ಒಮ್ಮೆ ಹೊಡೆದರು. ದಕ್ಷಿಣ ಆಫ್ರಿಕೆಯ ಟಾಲ್‌ಸ್ಟಾಯ್ ಆಶ್ರಮದಲ್ಲಿ ಮಿತಿಮೀರಿದ ಹುಡುಗನೊಬ್ಬನ ತೋಳಿಗೆ ರೂಲುಕೋಲಿನಿಂದ ಬಾರಿಸಿದರು. ಹೊಡೆಯುವಾಗ ತಮ್ಮ ಕೈಯೇ ನಡುಗಿತೆಂದೂ, ಅದಕ್ಕಾಗಿ ಇನ್ನೂ ಪಶ್ಚಾತ್ತಾಪಪಡುತ್ತಿರುವುದಾಗಿಯೂ ಆತ್ಮಕಥೆಯಲ್ಲಿ ಒಪ್ಪಿಕೊಂಡರು. ಹೊಡೆದ ಗುರುವು ತಾನಾಗಿಯೇ ಊರ ಮುಂದೆ ತನ್ನ ತಪ್ಪನ್ನು ಹೇಳಿಕೊಂಡ ಉದಾಹರಣೆ ಇದು. ಅಂಥ ಗುರುಗಳು ವಿರಳರು. ಉಳಿದವರಿಗಾಗಿಯೇ ಫಿರ್ಯಾದಿಯ ವ್ಯವಸ್ಥೆ ಬೇಕಾಗುತ್ತದೆ.

ಇನ್ನು ನಮ್ಮ ಜಿಲ್ಲೆಯ ಕಡೆಗೆ ಹೊರಳೋಣ. ಕಾರವಾರ ಅಂಕೋಲೆಗಳ ನಡುವೆ ಕೊಂಕಣ ರೇಲ್ವೆಯ ಹಾದಿಯಲ್ಲಿರುವ ಹಾರವಾಡದಂಥ ಕಡಲ ಊರೊಂದನ್ನು ಉದಾಹರಣೆಗಾಗಿ ತೆಗೆದುಕೊಳ್ಳಿರಿ. ಅಲ್ಲಿಯ ಯಾವ ಶಾಲೆಯ ಮೇಲೂ ನಾವು ಇಲ್ಲಿ ಆರೋಪ ಹೊರಿಸುತ್ತಿಲ್ಲ. ಕರಾವಳಿಯ ಯಾವ ಊರಾದರೂ ಆದೀತು. ಅಲ್ಲಿ ಐದನೆಯ ಇಯತ್ತೆಯ ಹುಡುಗಿಯೊಬ್ಬಳ ಕೆನ್ನೆಯ ಮೇಲೆ ಬೆರಳು ಮೂಡಿವೆಯೆಂದು ತಿಳಿಯಿರಿ. ತಂದೆ ನಸುಕಿನಲ್ಲಿಯೇ ದೋಣಿಯೊಡನೆ ಕಡಲಿಗೆ ಹೋದವನು. ತಾಯಿ ಮೀನಿನ ಬುಟ್ಟಿ ಹೊತ್ತು ಪೇಟೆಗೆ ಹೋದವಳು. ಮನೆಯ ಮಾತು ಕೊಂಕಣಿ, ಶಾಲೆಯ ಮಾತು ಕನ್ನಡ. ಹೊಡೆದವರು ಮಾಸ್ತರರಾದರೆ ಅಕ್ಕೋರಿಗೆ ಹೇಳಲು ಅಂಜಿಕೆ, ಅಕ್ಕೋರೇ ಆದರೆ ಯಾರಿಗೂ ಹೇಳಲು ಅಂಜಿಕೆ. ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿ ಅಂಕೋಲೆಯಲ್ಲಿ, ಉಪನಿರ್ದೇಶಕರ ಕಚೇರಿ ಕಾರವಾರದಲ್ಲಿ. ಬಸ್ಸು ಹತ್ತಿ ಒಂದು ದಿನದ ದುಡಿಮೆ ಬಿಟ್ಟು ಅಲ್ಲಿಗೆ ಹೋದರೆ "ಸಾಹೇಬರು ಮೀಟಿಂಗಿನಲ್ಲಿದ್ದಾರೆ" ಎಂಬ ಉತ್ತರ. ಸಂಜೆಗೆ ಊರ ನಾಲ್ಕು ಜನ ಹಿರಿಯರು ಮನೆಗೆ ಬಂದು, "ಮಾಸ್ತರರು ಒಳ್ಳೆಯವರು, ಸಿಟ್ಟು ಮಾತ್ರ ಸ್ವಲ್ಪ ಹೆಚ್ಚು, ಮಗಳ ಪರೀಕ್ಷೆ ಬೇರೆ ಇದೆ" ಎಂದು ಸಮಾಧಾನ ಹೇಳುವರು. ಅಲ್ಲಿಗೆ ಪ್ರಕರಣ ಮುಗಿಯಿತು. ಇದಕ್ಕೆ ನಾವು ರಾಜಿಯೆಂದು ಹೆಸರಿಟ್ಟಿದ್ದೇವೆ. ಎರಡೂ ಕಡೆಯವರ ಮಾತು ಕೇಳಿ ಆಗುವದು ರಾಜಿ. ಒಂದು ಕಡೆಯವರ ಬಾಯಿ ಮುಚ್ಚಿಸಿ ಆಗುವದಕ್ಕೆ ಆ ಹೆಸರು ಒಪ್ಪದು.

ನಮ್ಮ ಬಾಲ್ಯದ ಒಂದು ಸಂಗತಿಯನ್ನು ಹೇಳದೆ ಇರಲಾರೆವು. ನಾವು ಕಲಿತ ಪಾಠಶಾಲೆಯಲ್ಲಿ ನಮ್ಮ ಪಕ್ಕದಲ್ಲಿ ಕೂಡ್ರುತ್ತಿದ್ದ ಬಡವರ ಹುಡುಗನಿಗೆ ಶಬ್ದರೂಪ ತಪ್ಪಿದ್ದಕ್ಕಾಗಿ ಕಿವಿಯ ಮೇಲೆ ಏಟು ಬಿದ್ದಿತು. ಕಿವಿಯಿಂದ ರಕ್ತ ಬಂದಿತು. ಆ ಕಿವಿ ಮತ್ತೆ ಸರಿಯಾಗಿ ಕೇಳಲಿಲ್ಲ. ಮೂರನೆಯ ದಿನ ಆತನ ತಂದೆ ಪಾಠಶಾಲೆಗೆ ಬಂದನು. ಏನೋ ಕೇಳುವನೆಂದು ನಾವೆಲ್ಲ ಉಸಿರು ಬಿಗಿಹಿಡಿದು ನೋಡಿದೆವು. ಆತನು ಗುರುಗಳ ಮುಂದೆ ಎರಡು ತೆಂಗಿನಕಾಯಿ ಇಟ್ಟು, "ಹುಡುಗನ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ" ಎಂದು ಕೈಮುಗಿದು ಹೋದನು. ಹುಡುಗನು ಆ ವರ್ಷವೇ ಶಾಲೆ ಬಿಟ್ಟನು. ಅವನ ಪಕ್ಕದಲ್ಲಿದ್ದ ನಾವು ಮುಂದೆ ಓದಿ, ಪತ್ರಿಕೆ ನಡೆಸುವವರಾದೆವು. ಅಂದು ನಾವೂ ಯಾರಿಗೂ ಏನೂ ಹೇಳಲಿಲ್ಲ. ಈ ಲೇಖನದಲ್ಲಿ ಆ ಸಾಲದ ಒಂದಂಶವಾದರೂ ತೀರಿದರೆ ನಮಗೆ ಸಮಾಧಾನ.

ಇದು ಒಬ್ಬನ ಕಥೆಯಲ್ಲ. ಕೇಂದ್ರ ಸರಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಖಾತೆಯು 2007ರಲ್ಲಿ ಪ್ರಕಟಿಸಿದ ವರದಿಗಾಗಿ ಹದಿಮೂರು ರಾಜ್ಯಗಳ 12,447 ಮಕ್ಕಳನ್ನು ಕೇಳಲಾಗಿತ್ತು. ಶಾಲೆಗೆ ಹೋಗುವ ಮಕ್ಕಳಲ್ಲಿ ನೂರಕ್ಕೆ 65 ಜನ ತಮಗೆ ದೈಹಿಕ ಶಿಕ್ಷೆಯಾದುದನ್ನು ಹೇಳಿದರು. ಕರ್ನಾಟಕವು ಆ ಹದಿಮೂರರಲ್ಲಿ ಸೇರಿರಲಿಲ್ಲ. ಆದರೆ ನೆರೆಯ ಗೋವೆ, ಮಹಾರಾಷ್ಟ್ರ, ಕೇರಳ, ಆಂಧ್ರಗಳು ಸೇರಿದ್ದವು. ಕಾಳಿ ನದಿಯ ಈಚೆಗೆ ಬಂದ ಕೂಡಲೇ ಬೆತ್ತಕ್ಕೆ ಕರುಣೆ ಹುಟ್ಟುವದೆಂದು ನಂಬಲು ನಮಗೆ ಕಾರಣ ಕಾಣದು. ಅದೇ ವರದಿಯ ಇನ್ನೊಂದು ಮಾತು ನಮ್ಮನ್ನು ಹೆಚ್ಚು ಕಾಡಿತು: ಹೊಡೆತ ತಿಂದ ಮಕ್ಕಳಲ್ಲಿ ಬಹುಪಾಲು ಜನ ಅದನ್ನು ಯಾರಿಗೂ ತಿಳಿಸಿರಲಿಲ್ಲ. "ನಮ್ಮ ಶಾಲೆಯಿಂದ ಒಂದೂ ಫಿರ್ಯಾದಿ ಬಂದಿಲ್ಲ" ಎಂದು ತೃಪ್ತಿಯಿಂದ ವರದಿ ಕಳಿಸುವ ಅಧಿಕಾರಿಗಳು ಈ ಮಾತನ್ನು ತಮ್ಮ ಮೇಜಿನ ಗಾಜಿನ ಕೆಳಗೆ ಇಟ್ಟುಕೊಳ್ಳಬೇಕು.

ಹಾಗಾದರೆ ಫಿರ್ಯಾದಿಗೆ ಕಾಯದೆಯಲ್ಲಿ ದಾರಿಯೇ ಇಲ್ಲವೆ? ಇದೆ, ಜನರಿಗೆ ಗೊತ್ತಿಲ್ಲ. ಮಗುವಿನ ಹಕ್ಕಿನ ವಿಷಯವಾಗಿ ಯಾವ ಮನುಷ್ಯನಾದರೂ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ಫಿರ್ಯಾದಿ ಕೊಡಬಹುದೆಂದೂ, ಇಬ್ಬರ ಮಾತನ್ನೂ ಕೇಳಿ ಮೂರು ತಿಂಗಳೊಳಗೆ ಅದನ್ನು ಇತ್ಯರ್ಥ ಮಾಡಬೇಕೆಂದೂ ಶಿಕ್ಷಣ ಹಕ್ಕಿನ ಕಾಯದೆಯ 32ನೆಯ ಕಲಮಿನಲ್ಲಿದೆ. ಅಲ್ಲಿ ನ್ಯಾಯ ಸಿಗದಿದ್ದರೆ ರಾಜ್ಯದ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಸಲ್ಲುವದು. ಲೈಂಗಿಕ ಸ್ವರೂಪದ ಹಲ್ಲೆಯಾದರಂತೂ ಮಾತೇ ಬೇರೆ. 2012ರ ನವೆಂಬರ 14ರಂದು ಜಾರಿಗೆ ಬಂದ ಪೋಕ್ಸೋ ಕಾಯದೆಯಂತೆ, ವಿಷಯ ತಿಳಿದ ಪ್ರತಿಯೊಬ್ಬನೂ ಪೊಲೀಸರಿಗೆ ತಿಳಿಸಲೇಬೇಕು. ತನ್ನ ಕೈಕೆಳಗಿನವನ ಅಪರಾಧವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥನಿಗೆ ಒಂದು ವರ್ಷದ ವರೆಗೆ ಸೆರೆವಾಸವುಂಟು. ಅಲ್ಲಿ ಊರ ಹಿರಿಯರ ರಾಜಿಗೆ ಸ್ಥಾನವೇ ಇಲ್ಲ. ಆಡಳಿತ ಮಂಡಳಿಯವರು "ಸಂಸ್ಥೆಯ ಮಾನ" ಎಂದು ಹೇಳಿ ಕಾಗದವನ್ನು ಕಪಾಟಿನಲ್ಲಿ ಇಟ್ಟರೆ ತಾವೇ ಅಪರಾಧಿಗಳಾಗುವರು. ಯಾವ ಹೊತ್ತಿನಲ್ಲಿಯೂ ಮಗುವೇ ಕರೆಯಬಹುದಾದ ದೂರವಾಣಿ 1098 ಇದೆ. ಈ ನಾಲ್ಕು ಅಂಕಿಗಳನ್ನು ಎಷ್ಟು ಶಾಲೆಗಳು ಮಕ್ಕಳ ಕಣ್ಣಿನ ಎತ್ತರಕ್ಕೆ ಗೋಡೆಯ ಮೇಲೆ ಬರೆದಿವೆ?

ಕಾಯದೆಯಿಂದ ಮಗುವಿನ ವರೆಗೆ ಸಂಕ ಹಾಕಬೇಕಾದರೆ ಮಾಡಬೇಕಾದವು ಹೆಚ್ಚು ಖರ್ಚಿನ ಕೆಲಸಗಳಲ್ಲ. ಅವನ್ನು ಇಲ್ಲಿ ಸಂಬಂಧಪಟ್ಟವರ ಮುಂದೆ ಇಡುತ್ತೇವೆ.

ಮೊದಲನೆಯದಾಗಿ, ಫಿರ್ಯಾದಿಯು ಆರೋಪಕ್ಕೆ ಗುರಿಯಾದವನ ಕೈಗಾಗಲಿ ಅವನಿಗೆ ಅಂಜುವವನ ಕೈಗಾಗಲಿ ಹೋಗಕೂಡದು. ಮಕ್ಕಳು ಹೆಸರು ಹಾಕದೆಯೂ ದೂರು ಹಾಕಬಹುದಾದ ಪೆಟ್ಟಿಗೆಯನ್ನು ಪ್ರತಿ ಶಾಲೆಯಲ್ಲಿ ಇಡಬೇಕೆಂದು ರಾಷ್ಟ್ರೀಯ ಆಯೋಗವು 2007ರಲ್ಲಿಯೇ ಸೂಚಿಸಿತು. ಹಲವು ಕಡೆಗಳಲ್ಲಿ ಪೆಟ್ಟಿಗೆ ತೂಗುತ್ತಿದೆ; ಕೀಲಿಕೈ ಮುಖ್ಯಾಧ್ಯಾಪಕರ ಮೇಜಿನ ಖಾನೆಯಲ್ಲಿದೆ. ಶಾಲಾ ಸಮಿತಿಯ ಸದಸ್ಯರಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರೂ, ಒಟ್ಟಿನಲ್ಲಿ ಅರ್ಧದಷ್ಟು ಹೆಂಗಸರೂ ಇರಬೇಕೆಂದು ಕಾಯದೆಯೇ ಹೇಳುತ್ತದೆ. ಆ ತಾಯಂದಿರಲ್ಲಿ ಇಬ್ಬರ ಕೈಗೆ ಕೀಲಿಕೈ ಕೊಟ್ಟು, ವಾರಕ್ಕೊಮ್ಮೆ ಅವರೇ ಪೆಟ್ಟಿಗೆ ತೆರೆಯುವಂತೆ ಮಾಡಿರಿ.

ಎರಡನೆಯದಾಗಿ, ಬಂದ ಪ್ರತಿಯೊಂದು ಫಿರ್ಯಾದಿಯೂ ಅಂಕಿ ಹಾಕಿದ ವಹಿಯಲ್ಲಿ ಏರಬೇಕು. ಪಾಲಕರಿಗೆ ಪಾವತಿ ಸಿಗಬೇಕು. ಅದೇ ದಿನ ಒಂದು ಪ್ರತಿ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಹೋಗಬೇಕು. ಮೂರು ತಿಂಗಳು ಕಾಯದೆಯ ಹೊರ ಎಲ್ಲೆ. ಮೊದಲನೆಯ ಉತ್ತರವಾದರೂ ಒಂದು ವಾರದೊಳಗೆ ಲಿಖಿತವಾಗಿ ಬರಬೇಕೆಂಬುದು ನಮ್ಮ ಸೂಚನೆ. ಬಾಯಿಮಾತಿನ ಫಿರ್ಯಾದಿ ಗಾಳಿಯಲ್ಲಿ ಹೋಗುವದು, ಬರೆದುದು ಉಳಿಯುವದು.

ಮೂರನೆಯದಾಗಿ, ಮಗುವಿನ ಮಾತನ್ನು ಮಗುವಿನ ಭಾಷೆಯಲ್ಲಿಯೇ, ಅದು ನಂಬುವ ಒಬ್ಬರ ಸಮಕ್ಷಮ, ಒಂದೇ ಸಲ ಬರೆದುಕೊಳ್ಳಬೇಕು. ಕೊಂಕಣಿಯಲ್ಲಿ ಅಳುವ ಮಗುವಿನಿಂದ ಶುದ್ಧ ಕನ್ನಡದ ಜಬಾಬು ಕೇಳುವದು ಚೌಕಶಿಯಲ್ಲ. ಹೊಡೆದವರನ್ನು ಎದುರಿಗೆ ನಿಲ್ಲಿಸಿ "ಇವರು ಹೊಡೆದರೇನೇ?" ಎಂದು ಕೇಳುವದು ಎರಡನೆಯ ಪೆಟ್ಟು. ಪೋಕ್ಸೋ ಪ್ರಕರಣಗಳಲ್ಲಿ ಪೊಲೀಸರು ಸಮವಸ್ತ್ರವಿಲ್ಲದೆ, ಮಗುವಿನ ಮನೆಗೇ ಹೋಗಿ, ಆದಷ್ಟು ಮಟ್ಟಿಗೆ ಹೆಣ್ಣು ಅಧಿಕಾರಿಯಿಂದಲೇ ಹೇಳಿಕೆ ಪಡೆಯಬೇಕೆಂದು ವಿಧಿಯಿದೆ. ಪೊಲೀಸರಿಗೆ ಇರುವ ಈ ಸೌಜನ್ಯದ ಕಟ್ಟು ಶಿಕ್ಷಣ ಖಾತೆಗೂ ಇರಬೇಡವೆ?

ನಾಲ್ಕನೆಯದಾಗಿ, ಫಿರ್ಯಾದಿ ಮಾಡಿದ ಮಗುವಿನ ಮೇಲೆ ಸೇಡು ತೀರಿಸಲು ಅವಕಾಶವಿರಕೂಡದು. ಎಸ್.ಎಸ್.ಎಲ್.ಸಿ. ವಿದ್ಯಾರ್ಥಿಯ ಪ್ರತಿ ವಿಷಯದಲ್ಲಿ ಕೆಲವು ಅಂಕಗಳು ಶಾಲೆಯ ಕೈಯಲ್ಲಿವೆ. ವರ್ಗಾವಣೆ ಪತ್ರವೂ ಶಾಲೆಯ ಕೈಯಲ್ಲಿದೆ. ಚೌಕಶಿ ನಡೆದಿರುವಾಗ ಆ ಅಂಕಗಳನ್ನೂ ಆ ಪತ್ರವನ್ನೂ ಬೇರೊಬ್ಬ ಅಧಿಕಾರಿ ನೋಡತಕ್ಕದ್ದು.

ಐದನೆಯದಾಗಿ, ವರ್ಗವೇ ಶಿಕ್ಷೆಯೆಂಬ ಪದ್ಧತಿ ನಿಲ್ಲಬೇಕು. ಕರಾವಳಿಯಲ್ಲಿ ಕೈಮಾಡಿದ ಶಿಕ್ಷಕನನ್ನು ಘಟ್ಟದ ಮೇಲಿನ ಕಾಡಿನ ಶಾಲೆಗೆ ಕಳಿಸಿದರೆ ನ್ಯಾಯವಾಯಿತೆ? ಅಲ್ಲಿಯ ಮಕ್ಕಳು ಯಾವ ತಪ್ಪು ಮಾಡಿದ್ದರು? ಫಿರ್ಯಾದಿ ಕೊಡುವ ಬಲವು ಇನ್ನೂ ಕಡಿಮೆಯಿರುವ ಜನರ ನಡುವೆ ಅವನನ್ನು ನಿಲ್ಲಿಸುವದು, ಅವನಿಗೆ ಶಿಕ್ಷೆಯ ಬದಲು ಸೌಕರ್ಯ ಮಾಡಿಕೊಟ್ಟಂತೆ.

ಇಲ್ಲಿ ಶಿಕ್ಷಕ ಬಂಧುಗಳು ಕೇಳುವ ಪ್ರಶ್ನೆಯನ್ನು ನಾವು ಬಲ್ಲೆವು. "ನಮ್ಮ ಕೈ ಕಟ್ಟಿದ್ದೀರಿ. ಒಂದು ಮಾತು ಗಟ್ಟಿಯಾಗಿ ಆಡಿದರೂ ಪಾಲಕರು ಗುಂಪುಕಟ್ಟಿ ಬರುತ್ತಾರೆ. ಸುಳ್ಳು ಫಿರ್ಯಾದಿಯಿಂದ ನಮ್ಮ ಮಾನ ಹೋದರೆ ಯಾರು ತಿರುಗಿ ಕೊಡುವರು?" ಈ ಪ್ರಶ್ನೆಯಲ್ಲಿ ಸತ್ಯಾಂಶವಿದೆ. ಒಬ್ಬ ಶಿಕ್ಷಕನು ಎರಡು ಮೂರು ಇಯತ್ತೆಗಳನ್ನು ಕೂಡಿಸಿ ಕಲಿಸುವ ಶಾಲೆಗಳು ನಮ್ಮಲ್ಲಿವೆ. ಊಟ, ಮೊಟ್ಟೆ, ಗಣತಿ, ಚುನಾವಣೆ ಎಲ್ಲವೂ ಅವನ ಹೆಗಲ ಮೇಲೆ ಇವೆ. ದಣಿದ ಕೈ ಬೇಗ ಏಳುತ್ತದೆಂಬುದನ್ನು ಸರಕಾರವೂ ಅರಿಯಬೇಕು. ಶಾಲೆಗೆ ನುಗ್ಗಿ ಶಿಕ್ಷಕನ ಕೊರಳಪಟ್ಟಿ ಹಿಡಿಯುವ ಪಾಲಕನು ಬೆತ್ತ ಹಿಡಿದ ಶಿಕ್ಷಕನಷ್ಟೇ ತಪ್ಪಿತಸ್ಥನು. 2025ರಲ್ಲಿ ಕೇರಳದ ಉಚ್ಚ ನ್ಯಾಯಾಲಯವು, ಶಾಲೆಯೊಳಗಿನ ನಡವಳಿಕೆಗಾಗಿ ಶಿಕ್ಷಕರ ಮೇಲೆ ಫಿರ್ಯಾದಿ ಬಂದಾಗ ಮೊದಲು ಪ್ರಾಥಮಿಕ ಚೌಕಶಿ ಆಗಬೇಕೆಂದೂ, ಅದು ಮುಗಿಯುವ ವರೆಗೆ ಬಂಧಿಸಬಾರದೆಂದೂ ಹೇಳಿತು. ಆ ಕಳಕಳಿಯನ್ನು ನಾವು ಅರ್ಥಮಾಡಿಕೊಳ್ಳಬಲ್ಲೆವು.

ಆದರೆ ಈ ಕಳಕಳಿಗೆ ಉತ್ತರವೂ ಒಳ್ಳೆಯ ಫಿರ್ಯಾದಿಯ ವ್ಯವಸ್ಥೆಯಲ್ಲಿಯೇ ಇದೆ. ದಾಖಲೆಯಿಲ್ಲದ ಊರಿನಲ್ಲಿ ನಿರಪರಾಧಿ ಶಿಕ್ಷಕನಿಗೆ ತನ್ನ ನಿರ್ದೋಷವನ್ನು ಸಿದ್ಧಮಾಡಲು ಸಾಧನವೇ ಇರುವದಿಲ್ಲ. ಗುಸುಗುಸು ಮಾತು ಅವನನ್ನು ನಿವೃತ್ತಿಯ ವರೆಗೆ ಬೆನ್ನಟ್ಟುವದು. ವಾರದೊಳಗೆ ಇಬ್ಬರ ಮಾತೂ ಕಾಗದದ ಮೇಲೆ ಬಂದು, ಹೊರಗಿನವರೊಬ್ಬರು ಅದನ್ನು ತೂಗಿ ನೋಡಿದರೆ, ಸುಳ್ಳು ಬೇಗ ಬಯಲಾಗುವದು. ಮತ್ಸರದಿಂದ ಸುಳ್ಳು ಪೋಕ್ಸೋ ಫಿರ್ಯಾದಿ ಕೊಡುವ ದೊಡ್ಡವರಿಗೆ ಅದೇ ಕಾಯದೆಯಲ್ಲಿ ಶಿಕ್ಷೆಯಿದೆ. ಮಗುವಿಗೆ ಮಾತ್ರ ಶಿಕ್ಷೆಯಿಲ್ಲ. ಅದು ನ್ಯಾಯವೇ. ಹೇಳಲು ಬಂದ ಮಗುವಿಗೆ ಮೊದಲೇ ಸೆರೆಮನೆಯ ಅಂಜಿಕೆ ಹಾಕಿದರೆ ನಿಜವನ್ನು ಹೇಳುವವರೂ ಉಳಿಯುವದಿಲ್ಲ.

ನಮ್ಮ ವೃತ್ತಿಯವರಿಗೂ ಒಂದು ಮಾತು. ಇಂಥ ಸುದ್ದಿಗಳಲ್ಲಿ ಮಗುವಿನ ಹೆಸರು, ಊರ ಗುರುತು, ಮನೆಯ ಚಿತ್ರ ಅಚ್ಚುಹಾಕಿ ಪ್ರತಿಗಳನ್ನು ಮಾರುವ ಪತ್ರಿಕೆಯು ಹೊಡೆದವನ ಪಾಲುಗಾರನೇ ಸರಿ. ಪೋಕ್ಸೋ ಕಾಯದೆಯ 23ನೆಯ ಕಲಮು ಅದನ್ನು ನಿಷೇಧಿಸುತ್ತದೆ; ಕಲಮು ಇಲ್ಲದಿದ್ದರೂ ಮರ್ಯಾದೆ ಇರಬೇಕಷ್ಟೆ. ಅದೇ ರೀತಿ, ಚೌಕಶಿಯ ಮುಂಚೆ ಶಿಕ್ಷಕನನ್ನು ತಲೆಬರಹದಲ್ಲಿ ಗಲ್ಲಿಗೇರಿಸುವದೂ ನಮಗೆ ಭೂಷಣವಲ್ಲ.

ಪಾಲಕರಿಗೂ ಹೇಳಬೇಕಾದುದಿದೆ. "ಮಾಸ್ತರೇ, ಕಣ್ಣೊಂದು ಬಿಟ್ಟು ಎಲ್ಲಿ ಬೇಕಾದರೂ ಹೊಡೆಯಿರಿ" ಎಂದು ಶಾಲೆಯ ಮೊದಲ ದಿನ ಮಗುವಿನ ಎದುರಿಗೇ ಹೇಳಿಬರುವ ತಂದೆ ಆ ಮಗುವಿನ ಫಿರ್ಯಾದಿಯನ್ನು ಅಂದೇ ತಿರಸ್ಕರಿಸಿಬಂದಂತೆ. ಮುಂದೆ ಮಗುವಿಗೆ ಇನ್ನೂ ದೊಡ್ಡ ಅನ್ಯಾಯವಾದಾಗ ಅದು ಮನೆಗೆ ಬಂದು ಬಾಯಿ ಬಿಡಲಾರದು. ಸಣ್ಣ ಪೆಟ್ಟಿನ ಮಾತನ್ನು ಕೇಳದ ಮನೆಗೆ ದೊಡ್ಡ ಪೆಟ್ಟಿನ ಸುದ್ದಿ ಪೊಲೀಸರಿಂದ ಬರುವದು.

ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟನ್ನು ಸ್ಥಾಪಿಸಿ, ಈ ಕರಾವಳಿಯ ಬಡವರ ಮಕ್ಕಳ ಬಾಗಿಲಿಗೆ ಪ್ರೌಢಶಾಲೆಗಳನ್ನು ತಂದರು. ಎಷ್ಟೋ ಮನೆತನಗಳಲ್ಲಿ ಮೊದಲನೆಯ ಸಲ ಪುಸ್ತಕ ಹಿಡಿದವರು ಆ ಶಾಲೆಗಳಿಂದ ಬಂದರು. ಅಂಥ ಮನೆಯ ಮಗುವಿಗೆ ಶಾಲೆಯ ಒಂದು ಪೆಟ್ಟು ಬರಿಯ ಪೆಟ್ಟಲ್ಲ. ಬಲೆಗೆ, ದೋಣಿಗೆ, ಗದ್ದೆಗೆ ಹಿಂದಿರುಗಿ ಹೋಗೆಂಬ ಅಪ್ಪಣೆ. ಶಾಲೆ ಕಟ್ಟಲು ಎರಡು ತಲೆಮಾರು ದುಡಿದುದನ್ನು ಒಂದು ಸಿಟ್ಟಿನ ಕೈ ಒಂದು ಕ್ಷಣದಲ್ಲಿ ಕೆಡಿಸಬಹುದು.

1930ರ ಏಪ್ರಿಲ್ 13ರಂದು ಅಂಕೋಲೆಯ ಜನರು ಉಪ್ಪಿನ ಕಾಯದೆಯನ್ನು ಮುರಿದು ಇಡೀ ಕರ್ನಾಟಕದ ಕಣ್ಣು ತೆರೆಸಿದರು. ಲಾಠಿಯ ಅಂಜಿಕೆಯಿಂದ ಮಾಡಿಸಿದ ಆಜ್ಞಾಪಾಲನೆಯು ಆಜ್ಞಾಪಾಲನೆಯೇ ಅಲ್ಲವೆಂದು ಆ ತಾಲೂಕು ನಾಡಿಗೆ ತೋರಿಸಿಕೊಟ್ಟಿತು. ಅಂಥವರ ಮೊಮ್ಮಕ್ಕಳೂ ಮರಿಮಕ್ಕಳೂ ಇಂದು ಶಾಲೆಯ ಬಾಕಿನ ಮೇಲೆ ಕುಳಿತಿದ್ದಾರೆ. ಕಾರವಾರ ಶೈಕ್ಷಣಿಕ ಜಿಲ್ಲೆಯ ಅಧಿಕಾರಿಗಳು ಈ ವರ್ಷದಿಂದಲಾದರೂ ಪ್ರತಿಯೊಂದು ಶಾಲೆಯ ಫಿರ್ಯಾದಿ ವಹಿಯನ್ನು ತಪಾಸಣೆಯ ದಿನ ಹಾಜರಿ ಪುಸ್ತಕದೊಡನೆ ತರಿಸಿ ನೋಡಲಿ. ಪೆಟ್ಟಿಗೆಯ ಕೀಲಿಕೈ ಯಾರ ಬಳಿ ಇದೆಯೆಂದು ಕೇಳಲಿ. ಗೋಡೆಯ ಮೇಲೆ 1098 ಎಂದು ಬರೆಯಿಸಲಿ. ಇಷ್ಟಕ್ಕೆ ಹೊಸ ಕಾಯದೆ ಬೇಡ, ಹೊಸ ಅನುದಾನ ಬೇಡ, ಬೆಂಗಳೂರಿನ ಅಪ್ಪಣೆಯೂ ಬೇಡ. ಅಧಿಕಾರಿಗಳು ಇತ್ತ ಶೀಘ್ರವಾಗಿ ಲಕ್ಷ್ಯವೀಯುವರೆಂದು ಆಶಿಸುತ್ತೇವೆ. ಅವರು ಏನು ಮಾಡಿದರೆಂಬುದನ್ನು ವಾಚಕರ ಮುಂದೆ ಇಡುವ ಹೊಣೆಯನ್ನು ನಾವು ಹೊತ್ತಿದ್ದೇವೆ.